ಮಾಹಿತಿವಿದ್ಯೆಯೂ ಋಣವಿಚಾರವೂ

ವಿದ್ಯೆಗಾಗಿ ಧನವನ್ನು ವ್ಯಯಿಸುವದು ಸತ್ಕಾರ್ಯವೆಂಬದರಲ್ಲಿ ವಿವಾದವಿಲ್ಲ. ಆದರೆ ಆ ಧನವು ಯಾರದು, ಆ ವಿದ್ಯೆಯು ಕಡೆಗೆ ಯಾರಿಗೆ ಸಲ್ಲತಕ್ಕದ್ದು ಎಂಬ ಪ್ರಶ್ನೆಯೆದ್ದಾಗ ವಿವೇಕಿಗಳೂ ತಡವರಿಸುವರು. ಆಲಮಟ್ಟಿಯ ಸುತ್ತಲಿನ ಮನೆಗಳಲ್ಲಿ ಈ ಪ್ರಶ್ನೆಯು ಬರಿಯ ತರ್ಕದ ವಿಷಯವಲ್ಲ. 1964ರಲ್ಲಿ ಲಾಲಬಹಾದ್ದೂರ ಶಾಸ್ತ್ರಿಗಳು ಅಡಿಗಲ್ಲನ್ನಿಟ್ಟ ಅಣೆಕಟ್ಟು 2005ರಲ್ಲಿ ಪೂರ್ಣವಾಯಿತು. ಕೃಷ್ಣೆಯ ದಂಡೆಯ ಎಷ್ಟೋ ಎರಿ ಹೊಲಗಳು ಮುಳುಗಡೆಯಾದವು. ಹೊಲವಿದ್ದಲ್ಲಿ ಪರಿಹಾರಧನವು ಉಳಿಯಿತು.

ಅಂಥದೊಂದು ಮನೆಯ ತರುಣನು ಪದವಿಯನ್ನು ಮುಗಿಸಿ, ಮಾಹಿತಿ ವ್ಯವಸ್ಥೆಗಳ ಸ್ನಾತಕೋತ್ತರ ವ್ಯಾಸಂಗಕ್ಕೆ ಹವಣಿಸುವನೆಂದು ವಾಚಕರು ಭಾವಿಸಲಿ. ಪರದೇಶಕ್ಕೆ ಹೋಗಬಹುದು, ನಾಡಿನಲ್ಲಿಯೇ, 2020ರಿಂದ ಎರಡು ವರ್ಷಕ್ಕಿಳಿದಿರುವ ಎಂ.ಸಿ.ಎ. ಓದಬಹುದು, ಕೆಲಸದಲ್ಲಿದ್ದುಕೊಂಡು ಮುಕ್ತ ವಿಶ್ವವಿದ್ಯಾಲಯದಿಂದಲೂ ಕಲಿಯಬಹುದು. ಅವನು ಶುಲ್ಕ, ಊಟ, ಬಡ್ಡಿ, ಮುಂದಿನ ಸಂಬಳ ಎಲ್ಲವನ್ನೂ ಲೆಕ್ಕ ಹಾಕಿರುವನು. ತಂದೆಯು ಒಂದೇ ಮಾತು ಕೇಳುವನು: “ಹೊಲ ಇದ್ದಿದ್ದರ ಮೊಮ್ಮಕ್ಕಳೂ ಉಣ್ಣತಿದ್ದರು. ಈ ರೊಕ್ಕ ಒಬ್ಬನ ಓದಿಗೇ ತೀರಿದರ ಹೆಂಗಪ್ಪಾ?” ಮಗನಲ್ಲಿ ದುರಾಶೆಯಿಲ್ಲ, ತಂದೆಯಲ್ಲಿ ಮೌಢ್ಯವಿಲ್ಲ. ಆದುದರಿಂದಲೇ ಈ ಪ್ರಸಂಗವು ವಿಚಾರಾರ್ಹವಾಗಿರುವದು.

ಮೊದಲು ಈ ವಿದ್ಯೆಯ ಸ್ವರೂಪವನ್ನು ನೋಡತಕ್ಕದ್ದು. ಯಂತ್ರವನ್ನು ನಡೆಯಿಸುವದಷ್ಟೇ ಇದರ ಸಾರವಲ್ಲ. ಯಾವದನ್ನು ದಾಖಲಿಸಬೇಕು, ಎಲ್ಲಿ ಕಾಯ್ದಿಡಬೇಕು, ಯಾರಿಗೆ ಯಾವಾಗ ತಲುಪಿಸಬೇಕು, ತಪ್ಪಿದರೆ ಉತ್ತರಿಸುವವರು ಯಾರು ಎಂಬ ನಾಲ್ಕು ಪ್ರಶ್ನೆಗಳೇ ಇದರ ತಿರುಳು. ಆಲಮಟ್ಟಿಯವರಿಗೆ ಇದಕ್ಕೆ ದೂರದ ದೃಷ್ಟಾಂತವು ಬೇಡ. ಜಲಾಶಯದ ಪೂರ್ಣಮಟ್ಟವು 519.60 ಮೀಟರು, ಅದರ ಬಾಗಿಲುಗಳು 26. ಒಳಹರಿವೆಷ್ಟು, ಹೊರಹರಿವೆಷ್ಟು ಎಂಬ ಅಂಕಿಗಳು ಮಳೆಗಾಲದಲ್ಲಿ ಸಾವಿರಾರು ಮನೆಗಳ ಕ್ಷೇಮವನ್ನು ಹೊತ್ತಿರುವವು. 2005 ಮತ್ತು 2019ರ ಮಹಾಪೂರಗಳಲ್ಲಿ ಸಾಂಗಲಿಯು ಜಲಾವೃತವಾದಾಗ ಆಲಮಟ್ಟಿಯೇ ಕಾರಣವೆಂಬ ವಾದವೆದ್ದಿತು. ಅಂಥ ವಾದವನ್ನು ತೀರಿಸಬಲ್ಲದು ಕೋಪವಲ್ಲ, ಹೊತ್ತುಹೊತ್ತಿಗೆ ಪ್ರಾಮಾಣಿಕವಾಗಿ ಬರೆದಿಟ್ಟ ಅಂಕಿಯೇ. ಆ ಅಂಕಿಯು ತಡವಾಗಿ ಮುಟ್ಟಿದರೆ ಕೆಳದಂಡೆಯ ಒಕ್ಕಲಿಗನು ದನಕರುಗಳನ್ನು ಸಾಗಿಸಲಾರನು.

ಇದೇ ಜಿಲ್ಲೆಯಲ್ಲಿ ಇನ್ನೊಂದು ಮೇಲ್ಪಂಕ್ತಿಯುಂಟು. ವಿಜಯಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಮನೆಮನೆಗಳಲ್ಲಿ ಚದುರಿದ್ದ ವಚನಗಳ ತಾಡವೋಲೆಗಳನ್ನು ಕೂಡಿಸಿ, ತಿದ್ದಿ, ವಿಂಗಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಓಲೆಯು ಕೆಲವರ ಮನೆಯಲ್ಲಿತ್ತು, ಅರಿವು ಎಲ್ಲರದಾಯಿತು. ಅವರಿಗೆ ವಕೀಲಿ ವೃತ್ತಿಯ ಆಧಾರವಿತ್ತು, ಇಂದಿನ ತರುಣನಿಗೆ ಮೊದಲು ಅನ್ನ ಬೇಕೆಂದು ಯಾರಾದರೂ ಆಕ್ಷೇಪಿಸಿಯಾರು. ಆಕ್ಷೇಪವು ನ್ಯಾಯವಾದುದು. ಸಂಬಳವನ್ನು ಹಳಿಯುವದು ಧರ್ಮವಲ್ಲ. ಸಂಬಳವೊಂದನ್ನೇ ವಿದ್ಯೆಯ ಫಲವೆಂದೆಣಿಸುವದು ಪ್ರೇಯಸ್ಸನ್ನು ಶ್ರೇಯಸ್ಸೆಂದು ಭ್ರಮಿಸಿದಂತೆ.

ಶಾಸ್ತ್ರವು ಮನುಷ್ಯನನ್ನು ಹುಟ್ಟಿನಿಂದಲೇ ಋಣಿಯೆನ್ನುವದು. ಋಷಿಋಣವು ಅಧ್ಯಯನದಿಂದ ತೀರುವದು ನಿಜ. ಆದರೆ ಒಂದು ಋಣವನ್ನು ತೀರಿಸಲು ಇನ್ನೊಂದನ್ನು ಮರೆಯಲಾಗದು. ಪರಿಹಾರಧನದಲ್ಲಿ ತಂದೆತಾಯಿಗಳ ಮುಪ್ಪಿನ ಅನ್ನವಿದೆ, ತಂಗಿಯ ಪಾಲೂ ಇದೆ. 2005ರ ಕಾಯಿದೆಯು ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನ ಸಮಾನ ಹಕ್ಕನ್ನು ಕೊಟ್ಟಿರುವದು. ಆದುದರಿಂದ ತರುಣನು ತನ್ನ ಪಾಲನ್ನು ಧೈರ್ಯದಿಂದ ವಿನಿಯೋಗಿಸಲಿ. ಉಳಿದವರ ಪಾಲು ಬೇಕಾದರೆ ಕೇಳಿ ಪಡೆಯಲಿ, ಸಾಲವೆಂದು ಬರೆದುಕೊಡಲಿ. ಅದೂ ಸಾಲದಿದ್ದರೆ ಕಡಿಮೆ ವೆಚ್ಚದ ದಾರಿಯನ್ನು ಹಿಡಿಯಲಿ. ಅದರಿಂದ ಅವನ ವಿದ್ಯೆಗೆ ಕುಂದೇನೂ ಇಲ್ಲ.

ಜಗತ್ತಿನ ಲೆಕ್ಕವನ್ನು ಚೊಕ್ಕವಾಗಿಡಲು ಕಲಿಯಹೊರಟವನು ಮನೆಯ ಲೆಕ್ಕದಿಂದಲೇ ಆರಂಭಿಸುವದು ಉಚಿತ. ತಂದೆಯ ಪ್ರಶ್ನೆಗೆ ಆ ಬರಹವೇ ಮೊದಲ ಉತ್ತರವಾಗುವದು. ಉಳಿದ ಉತ್ತರವನ್ನು ಅವನ ನಡತೆಯು ಹೇಳಬೇಕು.