ಕಲ್ಲೂ ಕೆಸರೂ

ಇಟಗಿಯ ಮಹಾದೇವ ದೇವಾಲಯವನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇದನ್ನು ಕಟ್ಟಿಸಿದ. ತಂದೆಯ ನೆನಪಿಗೆ ಮೂರ್ತಿನಾರಾಯಣನ ಗುಡಿ, ತಾಯಿಯ ನೆನಪಿಗೆ ಚಂದ್ರಲೇಶ್ವರಿಯ ಗುಡಿ ಮಾಡಿಸಿದ. ಹೆತ್ತವರು ಉಳಿಯಲಿಲ್ಲ, ಕಟ್ಟಿಸಿದವನೂ ಉಳಿಯಲಿಲ್ಲ. ಬಳಪದ ಕಲ್ಲಿನ ಮೇಲೆ ಉಳಿ ಬಿಡಿಸಿದ ಬಳ್ಳಿ ಮಾತ್ರ ಇನ್ನೂ ಬಾಡಿಲ್ಲ.

ಗುಡಿಯ ಪಕ್ಕದಲ್ಲೇ ಮೆಟ್ಟಿಲುಗಳ ಪುಷ್ಕರಣಿ. ಅದರ ಅಂಚಿನಲ್ಲಿ ಕುಳಿತರೆ ನನ್ನ ಮನಸ್ಸು ಹರಿಯುವುದು ನೈದಿಲೆಯ ಕಡೆಗೆ, ನಮ್ಮ ಕೆರೆಗಳ ಹೂವಿನ ಕಡೆಗೆ. ನೀಲಿ ನೈದಿಲೆ ಬೆಳಗಿಗೆ ತೆರೆದು ಇಳಿಹೊತ್ತಿಗೆ ಮುಚ್ಚುತ್ತದೆ. ಹೀಗೆ ಕೆಲವೇ ದಿನ. ಮೊದಲ ದಿನ ಹೂವಿನ ನಡುವಿನ ಬಟ್ಟಲಲ್ಲಿ ತುಸು ದ್ರವ ತುಂಬಿರುತ್ತದೆ. ಮೈಗೆ ಪರಾಗ ಮೆತ್ತಿಕೊಂಡು ಬಂದ ಕೀಟ ಅದರಲ್ಲಿ ಅದ್ದಿಹೋಗುತ್ತದೆ. ಆಮೇಲೆ ಬಟ್ಟಲು ಆರಿ, ಹೂವು ತನ್ನ ಪರಾಗವನ್ನು ಚೆಲ್ಲತೊಡಗುತ್ತದೆ. ಕೊನೆಗೆ ತೊಟ್ಟು ಬಾಗಿ ಕಾಯಿ ನೀರೊಳಗೆ ಮಾಗುತ್ತದೆ. ಬೀಜ ತೇಲಿ, ಮುಳುಗಿ, ಕೆಸರು ಸೇರುತ್ತದೆ. ಕೆರೆ ಬತ್ತಿದರೂ ಬಿರಿದ ಮಣ್ಣಿನಡಿ ಗಡ್ಡೆ ಮಳೆಗೆ ಕಾದಿರುತ್ತದೆ. ಕಲ್ಲು ಬದಲಾಗದೆ ಉಳಿಯುತ್ತದೆ. ನೈದಿಲೆ ಅಳಿದಳಿದೇ ಉಳಿಯುತ್ತದೆ.

ಹಾಗಾದರೆ ನಷ್ಟ ಯಾವುದು? ಹೂ ಬಾಡುವುದಂತೂ ಅಲ್ಲ. ಹೂವಿಗೆ ಮರಳಿ ಬರಲು ನೆಲೆಯೇ ಇಲ್ಲವಾಗುವುದು ನಷ್ಟ.

ಜಗತ್ತಿನ ಅತಿ ಪುಟ್ಟ ನೈದಿಲೆ 1987ರಲ್ಲಿ ಕಂಡದ್ದು ರುವಾಂಡದ ಬಿಸಿನೀರ ಬುಗ್ಗೆಯೊಂದರ ಅಂಚಿನಲ್ಲಿ, ತೇವದ ಮಣ್ಣಿನಲ್ಲಿ. ನೀರನ್ನು ಬೇರೆಡೆಗೆ ತಿರುಗಿಸಿದರು. 2008ರ ಹೊತ್ತಿಗೆ ಆ ಜಾಗದಲ್ಲಿ ಗಿಡವಿರಲಿಲ್ಲ. ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಬೇರೆ ನೈದಿಲೆಗಳಂತೆ ನೀರೊಳಗೆ ಮುಳುಗಿಸಿ ಬೆಳೆಸಿದ ಅದರ ಸಸಿಗಳು ಚೇತರಿಸಲಿಲ್ಲ. ಅಲ್ಲಿನ ತೋಟಗಾರ ಕಾರ್ಲೋಸ್ ಮಗ್ಡಲೇನ ಮಣ್ಣನ್ನು ನೀರಿನ ಮಟ್ಟಕ್ಕೇ ತಂದು, 25 ಡಿಗ್ರಿ ಬಿಸುಪು ಕೊಟ್ಟಾಗ 2009ರಲ್ಲಿ ಹೂ ಅರಳಿತು. ಗಿಡ ಉಳಿಯಿತು, ಸರಿ. ಆದರೆ ಆ ಬುಗ್ಗೆಯ ಅಂಚು? ಕುಂಡದಲ್ಲಿ ನಾವು ಉಳಿಸಿಕೊಂಡದ್ದು ಎಷ್ಟು, ಕಳೆದುಕೊಂಡದ್ದು ಎಷ್ಟು?

ನಮ್ಮ ಕೆರೆಗಳ ಕಷ್ಟ ಇನ್ನೂ ತೊಡಕಿನದು. ಹೂಳೆತ್ತದಿದ್ದರೆ ಕೆರೆಗೆ ನೀರಿಲ್ಲ, ಎತ್ತಿದರೆ ಗಡ್ಡೆಗೆ ನೆಲೆಯಿಲ್ಲ. ಚಕ್ಕಡಿಯಲ್ಲಿ ಹೊಲಕ್ಕೆ ಮಣ್ಣು ಹೊಡೆಯುತ್ತಿದ್ದ ಕಾಲದಲ್ಲಿ ತೆಗೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚಿರುತ್ತಿತ್ತು. ಯಂತ್ರ ಒಂದೇ ಬೇಸಿಗೆಯಲ್ಲಿ ಗಟ್ಟಿನೆಲದವರೆಗೂ ಕೆರೆಯುತ್ತದೆ. ನೀರು ಬೇಕೆನ್ನುವ ರೈತನದು ತಪ್ಪಲ್ಲ. ಆ ನೀರಿಲ್ಲದೆ ನೈದಿಲೆಯೂ ಇಲ್ಲ. ಇಟಗಿಯ ಕಲ್ಲಿಗೆ ಪುರಾತತ್ತ್ವ ಇಲಾಖೆಯ ಕಾವಲಿದೆ, ಇರಲೇಬೇಕು. ಹಾಗೆಯೇ ಕೆರೆಯಂಗಳದ ಒಂದು ಮೂಲೆಯನ್ನಾದರೂ ಅಗೆಯದೆ ಬಿಡಿ ಎಂದು ಊರವರನ್ನು ಕೇಳಬೇಕೆನಿಸುತ್ತದೆ. ಎಷ್ಟು ಬಿಟ್ಟರೆ ಸಾಕು ಎಂದು ಅವರು ತಿರುಗಿ ಕೇಳಿದರೆ, ಆ ಲೆಕ್ಕವನ್ನು ಕೆರೆಯ ದಂಡೆಯಲ್ಲಿ ಅವರ ಜೊತೆ ಕುಳಿತೇ ಮಾಡಬೇಕು.