ಫೋಟೋದಲ್ಲಿ ಇಲ್ಲದ ಮಗು

ಹತ್ತನೆಯ ತರಗತಿಯ ಮಕ್ಕಳಿಗೆ ಗ್ರೂಪ್ ಫೋಟೋ ಎಂದರೆ ಹಬ್ಬ. ಹಿಂದೆ ನಾನು ಬಸವಕಲ್ಯಾಣ ಸೀಮೆಯ ಒಂದು ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಫೋಟೋ ದಿನ ಹುಡುಗಿಯರು ಸೀರೆ, ಹುಡುಗರು ಪ್ಯಾಂಟು ಶರ್ಟು ಎಂದು ನಾವೇ ಗೊತ್ತು ಮಾಡಿದ್ದೆವು. ನಾರಾಯಣಪುರದ ಕಡೆಯಿಂದ ಬರುತ್ತಿದ್ದ ಒಬ್ಬ ಹುಡುಗಿ ಅಣ್ಣನ ಪ್ಯಾಂಟು ಶರ್ಟು ತೊಟ್ಟು ಬಂದಳು. "ಇದೇನಮ್ಮ ವೇಷ? ಸೀರೆ ಉಟ್ಟು ಬಾ, ಇಲ್ಲವೇ ಫೋಟೋಕ್ಕೆ ನಿಲ್ಲಬೇಡ" ಎಂದೆ. ಅವಳು ಮಾತಾಡದೆ ಹೊರಟುಹೋದಳು, ತಿರುಗಿ ಬರಲಿಲ್ಲ. ಆ ಫೋಟೋ ಈಗಲೂ ನನ್ನ ಬಳಿ ಇದೆ. ಎಲ್ಲರೂ ಇದ್ದಾರೆ, ಅವಳಿಲ್ಲ.

ಮನೆಯಲ್ಲಿ ಸೀರೆ ಇರಲಿಲ್ಲವೋ, ಅವಳಿಗೇ ಸೀರೆ ಬೇಡವಾಗಿತ್ತೋ? ನಾನು ಕೇಳಲಿಲ್ಲ.

ಶಾಲೆಗೆ ನಿಯಮ ಬೇಡವೆಂದು ನಾನು ಹೇಳುವುದಿಲ್ಲ. ಸಮವಸ್ತ್ರ ಒಳ್ಳೆಯದು, ಬಡವರ ಮಗುವೂ ಸಾಹುಕಾರನ ಮಗುವೂ ಒಂದೇ ಬೆಂಚಿನಲ್ಲಿ ಒಂದೇ ಬಣ್ಣದ ಬಟ್ಟೆಯಲ್ಲಿ ಕೂರುತ್ತಾರೆ. ಸಭ್ಯತೆಯೂ ಬೇಕು, ಗಂಡಿಗೂ ಹೆಣ್ಣಿಗೂ. ಆದರೆ ಸಭ್ಯವಾದ ಉಡುಪನ್ನೇ ತೊಟ್ಟ ಮಗುವನ್ನು, ಅದು ಹೆಣ್ಣಿನ ಉಡುಪಲ್ಲವೆಂಬ ಒಂದೇ ಕಾರಣಕ್ಕೆ ಹೊರಗೆ ಕಳಿಸಬಹುದೇ?

ಧರ್ಮೋಪದೇಶಕಾಂಡದ 22ನೇ ಅಧ್ಯಾಯದಲ್ಲಿ ಗಂಡು ಹೆಣ್ಣು ಒಬ್ಬರ ಉಡುಪನ್ನು ಒಬ್ಬರು ತೊಡಬಾರದೆಂಬ ವಿಧಿ ಇದೆಯಲ್ಲ ಎಂದು ಕೆಲವರು ಕೇಳಬಹುದು. ಇದೆ. ಉಣ್ಣೆ ನಾರು ಬೆರೆಸಿ ನೇಯ್ದ ಬಟ್ಟೆ ತೊಡಬಾರದೆಂಬ ವಿಧಿಯೂ ಅದೇ ಅಧ್ಯಾಯದಲ್ಲಿದೆ. ಅದನ್ನು ನಾವು ಯಾರೂ ಪಾಲಿಸುವುದಿಲ್ಲ. ಸಂತ ಥಾಮಸ್ ಅಕ್ವಿನಾಸರು ಇಂಥ ಉಡುಪನ್ನು ಸಾಮಾನ್ಯವಾಗಿ ಒಪ್ಪಲಿಲ್ಲ. ಆದರೂ ಶತ್ರುಗಳಿಂದ ಅಡಗಲು, ಅಥವಾ ಬೇರೆ ಬಟ್ಟೆಯಿಲ್ಲದೆ ತೊಟ್ಟರೆ ಪಾಪವಿಲ್ಲವೆಂದರು. ಅದಕ್ಕೂ ಹಿಂದೆ, 866ರಲ್ಲಿ, ಬಲ್ಗೇರಿಯದವರು ಚಲ್ಲಣದ ಬಗ್ಗೆ ಕೇಳಿದಾಗ ಪೋಪ್ ಒಂದನೆಯ ನಿಕೋಲಾಸರು, ಅದನ್ನು ಗಂಡಸರು ತೊಡಲಿ ಹೆಂಗಸರು ತೊಡಲಿ, ದೊಡ್ಡ ವಿಷಯವಲ್ಲ ಎಂದು ಉತ್ತರ ಕೊಟ್ಟರು. ಸಂತ ಜೋನ್ ಆಫ್ ಆರ್ಕ್ ಮೇಲೆ ಹೊರಿಸಿದ ಆರೋಪಗಳಲ್ಲಿ ಗಂಡುಡುಗೆಯೂ ಒಂದು. 1431ರಲ್ಲಿ ಆಕೆಯನ್ನು ಸುಟ್ಟರು. 1456ರಲ್ಲಿ ಆ ತೀರ್ಪು ರದ್ದಾಯಿತು. 1920ರಲ್ಲಿ ಧರ್ಮಸಭೆ ಆಕೆಯನ್ನು ಸಂತಳೆಂದು ಘೋಷಿಸಿತು. ಉಡುಪು ನೋಡಿ ತೀರ್ಪು ಕೊಡುವ ಅವಸರಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೇ?

ನಮ್ಮ ಕಲ್ಯಾಣದ ನೆಲದಲ್ಲಿಯೂ ಒಂದು ಪಾಠವಿದೆ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಉಡುಗೆ ಬಿಟ್ಟು, ಕೂದಲನ್ನೇ ಮರೆಮಾಡಿಕೊಂಡು ಇಲ್ಲಿಗೆ ಬಂದಾಗ ಅಲ್ಲಮಪ್ರಭು ಆಕೆಯನ್ನು ಕಟುವಾಗಿಯೇ ಪ್ರಶ್ನಿಸಿದನೆಂದು ಶೂನ್ಯಸಂಪಾದನೆ ಹೇಳುತ್ತದೆ. ಆದರೆ ಪ್ರಶ್ನಿಸಿದ ಮೇಲೆ ಆಕೆಯ ಉತ್ತರವನ್ನು ಕೇಳಿದ, ಒಪ್ಪಿದ, ಗೌರವಿಸಿದ. ನಾನು ಪ್ರಶ್ನೆ ಹಾಕಿದೆ, ಉತ್ತರಕ್ಕೆ ಕಾಯಲಿಲ್ಲ.

ಅಮೆರಿಕದ ಮಿಸಿಸಿಪ್ಪಿಯಲ್ಲಿ ಗಂಡಸರ ಕೋಟು ತೊಟ್ಟು ಫೋಟೋ ತೆಗೆಸಿಕೊಂಡ ವಿದ್ಯಾರ್ಥಿನಿಯನ್ನು ಶಾಲೆಯ ವಾರ್ಷಿಕ ಪುಸ್ತಕದಿಂದ ಬಿಟ್ಟುಬಿಟ್ಟರು. 2010ರಲ್ಲಿ ವಿಷಯ ನ್ಯಾಯಾಲಯಕ್ಕೆ ಹೋಯಿತು. ಮರುವರ್ಷ ರಾಜಿಯಾಗಿ, ಇನ್ನು ಮುಂದೆ ಎಲ್ಲರಿಗೂ ಒಂದೇ ಬಗೆಯ ನಿಲುವಂಗಿ ಎಂದಾಯಿತು. ನಮ್ಮ ಸುಪ್ರೀಂ ಕೋರ್ಟು ಕೂಡ 2014ರಲ್ಲಿ, ತೃತೀಯಲಿಂಗಿಗಳ ಹಕ್ಕಿನ ತೀರ್ಪಿನಲ್ಲಿ, ಉಡುಗೆಯ ಮೂಲಕ ತನ್ನತನವನ್ನು ತೋರುವುದು ಸಂವಿಧಾನ ಕೊಟ್ಟ ಸ್ವಾತಂತ್ರ್ಯವೆಂದಿತು. ಕೋರ್ಟು ಹೇಳುವ ತನಕ ನಾವು ಕಾಯಬೇಕೇ? ದಿನವೂ ತೊಡುವ ಸಮವಸ್ತ್ರದಲ್ಲಿಯೇ ಫೋಟೋ ತೆಗೆಸಿದರೆ ಸೀರೆ ಸಾಲ ತರುವ ತಾಯಿಯ ಚಿಂತೆಯೂ ತಪ್ಪುತ್ತದೆ. ಯಾವುದಾದರೂ ಮಗು ಬೇರೆ ಸಭ್ಯ ಉಡುಪು ಕೇಳಿದರೆ, ಮೊದಲು ಪಕ್ಕಕ್ಕೆ ಕರೆದು ಪ್ರೀತಿಯಿಂದ ಮಾತಾಡಿಸಿರಿ. ಬಡತನವೋ ಇಷ್ಟವೋ, ಕಾರಣ ಯಾವುದಾದರೂ ಆ ಮಗುವಿಗೆ ಸಾಲಿನಲ್ಲಿ ಜಾಗ ಇರಲಿ.

ಪ್ರವಾದಿ ಸಮುವೇಲನಿಗೆ ದೇವರು ಕಲಿಸಿದ್ದೂ ಇದನ್ನೇ: ಮನುಷ್ಯನು ಹೊರಗಿನದನ್ನು ನೋಡುತ್ತಾನೆ, ದೇವರು ಹೃದಯವನ್ನು ನೋಡುತ್ತಾರೆ. ತೊಂಬತ್ತೊಂಬತ್ತು ಕುರಿಗಳು ಸಾಲಾಗಿ ನಿಂತಿದ್ದರೂ ಯೇಸುಸ್ವಾಮಿ ಹೇಳಿದ ಕುರುಬನಿಗೆ ನೆಮ್ಮದಿಯಿರಲಿಲ್ಲ. ಇಲ್ಲದ ಒಂದನ್ನು ಹುಡುಕಿ ಹೊರಟ. ಆ ಫೋಟೋ ನೋಡಿದಾಗಲೆಲ್ಲ ನನ್ನ ಕಣ್ಣು ಹುಡುಕುವುದೂ ಇಲ್ಲದ ಆ ಒಬ್ಬಳನ್ನೇ.