ಕಾಣದೆಡೆಯ ಕೆಲಸ

ಯಾರ ಕಣ್ಣಿಗೂ ಬೀಳದ ಕೆಲಸದಲ್ಲಿಯೂ ಸತ್ಯಶುದ್ಧತೆ ಬೇಕೆ? ಸ್ವೀಡನ್ ದೇಶದ ಒಂದು ಕಾರು ಈ ಪ್ರಶ್ನೆಯನ್ನು ಎತ್ತುತ್ತದೆ. 1974ರಿಂದ 1993ರವರೆಗೆ ತಯಾರಾದ ವೋಲ್ವೊ 240ರಲ್ಲಿ ಬಿಸಿಗಾಳಿಯ ಫ್ಯಾನು ಡ್ಯಾಶ್‌ಬೋರ್ಡಿನ ಹಿಂದೆ, ಹೀಟರ್ ಪೆಟ್ಟಿಗೆಯ ಗರ್ಭದಲ್ಲಿ ಅಡಗಿದೆ. ಅದು ಕೆಟ್ಟರೆ ಚಳಿನಾಡಿನಲ್ಲಿ ಮೈ ನಡುಗುವುದಷ್ಟೇ ಅಲ್ಲ, ಮುಂದಿನ ಗಾಜಿಗೆ ಆವಿಯೂ ಹಿಮವೂ ಕವಿದು ದಾರಿಯೇ ಕಾಣದು. ದಾರಿಹೋಕನ ಪ್ರಾಣವೂ ಆ ಸಣ್ಣ ಮೋಟಾರನ್ನು ನೆಚ್ಚಿದೆ.

ಕ್ರಮಪ್ರಕಾರ ಬದಲಿಸಲು ಮುಂಭಾಗವನ್ನು ಬಹುಮಟ್ಟಿಗೆ ಬಿಚ್ಚಬೇಕು. ಆ ಕೂಲಿಯನ್ನು ತೆರಲಾರದ ಕೆಲವರು ಮನೆಯಲ್ಲಿಯೇ ಪೆಟ್ಟಿಗೆಯ ಪ್ಲಾಸ್ಟಿಕ್ ಗೋಡೆಯನ್ನು ಕೊಯ್ದು, ಹೊಸ ಫ್ಯಾನನ್ನು ಕೂರಿಸಿ, ಕೊಯ್ದ ತುಂಡನ್ನು ಮತ್ತೆ ಮುಚ್ಚುವರು. ಇದು ಅಡ್ಡದಾರಿಯೆ? ಹಾಗೆನ್ನಲಾಗದು. ಎಲ್ಲವನ್ನೂ ಬಿಚ್ಚುವಾಗ ಮುರಿಯುವ ಹಳೆಯ ಕೊಂಡಿಗಳೆಷ್ಟೋ! ಶ್ರಮ ಹೆಚ್ಚಿದ ಮಾತ್ರಕ್ಕೆ ಕೆಲಸ ಪವಿತ್ರವಾಗದು. ದೋಷವಿರುವುದು ಬೇರೆಡೆ: ಬ್ಯಾಟರಿಯ ತಂತಿ ಕಳಚದೆ ಕೈಹಾಕುವುದು, ಒಳಗಿನ ಬಿಸಿನೀರಿನ ಕೊಳವೆಗಳನ್ನು ಗಮನಿಸದೆ ಕೊಯ್ಯುವುದು, ಸಂದನ್ನು ಭದ್ರವಾಗಿ ಬೆಸೆಯದೆ ‘ಯಾರು ನೋಡುವರು’ ಎಂದು ಮುಚ್ಚಿಬಿಡುವುದು. ಸಂದಿನಲ್ಲಿ ಸೋರಿದ ಗಾಳಿ ಗಾಜನ್ನು ಮುಟ್ಟದು.

ಕಾರನ್ನು ಮಾರುವಾಗ ಕೊಯ್ದ ಸಂಗತಿಯನ್ನು ಹೇಳದಿರುವುದಂತೂ ವಂಚನೆಯೇ. ಬೆಲೆ ತುಸು ಇಳಿಯಬಹುದು. ಆದರೆ ಫ್ಯಾನು ಮತ್ತೆ ಕೆಟ್ಟಾಗ ಎಲ್ಲಿ ಕೈಯಿಡಬೇಕೆಂಬುದು ಕೊಂಡವನಿಗೆ ತಿಳಿದಿರಬೇಕಷ್ಟೆ.